ಒಂದೇ ಪುಡಿ, ಮೂರು ಉತ್ತರ: ಸಾವಯವ ಸಂಯುಕ್ತವನ್ನು ಯಾವ ವರ್ಗಕ್ಕೆ ಸೇರಿಸಬೇಕು?

ಪ್ರಶ್ನೆ: ನಾನು ಪದವಿ ಮೊದಲ ವರ್ಷದಲ್ಲಿ ರಸಾಯನಶಾಸ್ತ್ರ ಓದುತ್ತಿದ್ದೇನೆ. ಸಾವಯವ ಸಂಯುಕ್ತಗಳಿಗೆ ಅಂತ ಒಂದು ದೊಡ್ಡ ಪಟ್ಟಿ ಮಾಡಿಕೊಂಡಿದ್ದೇನೆ. ಎಡಗಡೆ ಕ್ರಿಯಾಗುಂಪು (ಅಣುವಿನ ವರ್ತನೆಯನ್ನು ನಿರ್ಧರಿಸುವ ಪರಮಾಣುಗಳ ಗುಂಪು), ಬಲಗಡೆ ಅದರ ಗುಣಗಳು. ಬರೆಯುವ ಪರೀಕ್ಷೆಗೆ ಅದು ಸಾಕಾಯಿತು, ಪ್ರಯೋಗಾಲಯದಲ್ಲಿ ಕೈಕೊಟ್ಟಿತು. ನಮಗೆ ಒಂದು ಬಿಳಿ ಪುಡಿ ಕೊಟ್ಟು ಯಾವ ವರ್ಗ ಅಂತ ಕಂಡುಹಿಡಿಯಲು ಹೇಳಿದರು. ಅದರ ದ್ರವನ ಬಿಂದು (ಕರಗಿ ದ್ರವವಾಗುವ ಉಷ್ಣತೆ) ಸುಮಾರು 122 ಡಿಗ್ರಿ ಸೆಲ್ಸಿಯಸ್ ಬಂತು. ತಣ್ಣೀರಿನಲ್ಲಿ ಕರಗಲಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಕರಗಿತು. ಸೋಡಿಯಂ ಬೈಕಾರ್ಬೊನೇಟ್ ದ್ರಾವಣಕ್ಕೆ ಹಾಕಿದಾಗ ಗುಳ್ಳೆಯೂ ಬರಲಿಲ್ಲ, ಪುಡಿಯೂ ಕರಗಲಿಲ್ಲ. ಬ್ರೋಮಿನ್ ನೀರಿನ ಬಣ್ಣ ಮಾತ್ರ ಹೋಯಿತು. ದ್ರವನ ಬಿಂದು ನೋಡಿ ನಾನು ಬೆಂಜೋಯಿಕ್ ಆಮ್ಲ ಎಂದು ಬರೆದೆ. ಬ್ರೋಮಿನ್ ನೋಡಿ ನನ್ನ ಗೆಳತಿ ಆಲ್ಕೀನ್ (ಕಾರ್ಬನ್–ಕಾರ್ಬನ್ ದ್ವಿಬಂಧ ಇರುವ ಸಂಯುಕ್ತ) ಎಂದು ಬರೆದಳು. ಇಬ್ಬರದ್ದೂ ತಪ್ಪು ಅಂದರು. ಆಮೇಲಿಂದ ಎಲ್ಲದರ ಮೇಲೂ ಅನುಮಾನ ಶುರುವಾಗಿದೆ. ಆಸ್ಪಿರಿನ್ ಆಮ್ಲವೋ, ಎಸ್ಟರೋ (ಆಮ್ಲ ಆಲ್ಕೋಹಾಲ್‌ನಂಥದ್ದರ ಜೊತೆ ಸೇರಿ ಆಗುವ ಸಂಯುಕ್ತ)? ವಿಟಮಿನ್ ಸಿಯನ್ನು ಆಸ್ಕಾರ್ಬಿಕ್ ಆಮ್ಲ ಅಂತಾರೆ, ಆದರೆ ಅದರ ರಚನೆಯಲ್ಲಿ ಕಾರ್ಬಾಕ್ಸಿಲ್ (COOH) ಗುಂಪೇ ಕಾಣುವುದಿಲ್ಲ. ಗುಂಪಿನ ಪ್ರಕಾರ ವಿಂಗಡಿಸಬೇಕಾ, ಗುಣದ ಪ್ರಕಾರವಾ? ಅಥವಾ ಎಲ್ಲವನ್ನೂ ಬಾಯಿಪಾಠ ಮಾಡುವುದೊಂದೇ ದಾರಿಯಾ?

ಉತ್ತರ: ನಿಮ್ಮ ಗೊಂದಲಕ್ಕೆ ಕಾರಣ ಓದು ಕಡಿಮೆಯಾಗಿದ್ದಲ್ಲ. ಒಂದು ಗುಂಪಿಗೆ ಒಂದು ಗುಣ, ಒಂದು ಗುಣಕ್ಕೆ ಒಂದು ಗುಂಪು ಎಂದು ನಿಮ್ಮ ಪಟ್ಟಿ ಹೇಳುತ್ತದೆ. ಅಣುಗಳು ಹಾಗೆ ನಡೆದುಕೊಳ್ಳುವುದಿಲ್ಲ. ಅಪರಿಚಿತ ಸಂಯುಕ್ತಗಳನ್ನು ಗುರುತಿಸುವುದೇ ನನ್ನ ಕೆಲಸ. ಈ ಕೆಲಸದಲ್ಲಿ ಜಾಸ್ತಿ ತಪ್ಪುಗಳು ಆಗುವುದು ಒಂದೇ ಕಾರಣಕ್ಕೆ: ಒಂದು ಪರೀಕ್ಷೆಯ ಫಲಿತಾಂಶ ನೋಡಿ ವರ್ಗ ಹೇಳಿಬಿಡುವುದು.

ಮೊದಲು ನಿಮ್ಮ ಪುಡಿಯನ್ನೇ ನೋಡೋಣ. ಬೆಂಜೋಯಿಕ್ ಆಮ್ಲದ ದ್ರವನ ಬಿಂದು 122 ಡಿಗ್ರಿ ನಿಜ. ಆದರೆ 2-ನ್ಯಾಫ್ಥಾಲ್ ಎಂಬ ಸಂಯುಕ್ತದ ದ್ರವನ ಬಿಂದು ಕೂಡ ಹೆಚ್ಚುಕಡಿಮೆ ಅಷ್ಟೇ, 121ರಿಂದ 123 ಡಿಗ್ರಿ. ಒಂದು ಕಾರ್ಬಾಕ್ಸಿಲಿಕ್ ಆಮ್ಲ, ಇನ್ನೊಂದು ಫೀನಾಲ್ ಜಾತಿಯದು, ಅಂದರೆ ಬೆಂಜೀನ್‌ನಂಥ ಉಂಗುರಕ್ಕೆ ನೇರವಾಗಿ ಹೈಡ್ರಾಕ್ಸಿಲ್ (OH) ಅಂಟಿದ್ದು. ಎರಡೂ ಬಿಳಿ ಪುಡಿಯಾಗಿ ಸಿಗುತ್ತವೆ. ಎರಡೂ ತಣ್ಣೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲ. ಎರಡೂ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗುತ್ತವೆ. ಇವೆರಡನ್ನು ಬೇರೆ ಮಾಡುವುದು ಬೈಕಾರ್ಬೊನೇಟ್. ನಿಮಗೆ ಗುಳ್ಳೆ ಬರಲಿಲ್ಲ, ಅಲ್ವಾ? ಬೆಂಜೋಯಿಕ್ ಆಮ್ಲವನ್ನು ಅಲ್ಲಿಯೇ ಕೈಬಿಡಬೇಕಿತ್ತು. ನೀವು ಬರೆದಿರುವ ಎಲ್ಲ ಫಲಿತಾಂಶಗಳಿಗೂ ಹೊಂದುವುದು 2-ನ್ಯಾಫ್ಥಾಲ್.

ಇದು ಯಾಕೆ ಹೀಗೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆಮ್ಲದ ಬಲವನ್ನು ಪಿಕೆಎ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಸಂಖ್ಯೆ ಚಿಕ್ಕದಾದಷ್ಟೂ ಆಮ್ಲ ಬಲವಾದದ್ದು. ಒಂದು ಅಂಕಿ ಕಡಿಮೆಯಾದರೆ ಬಲ ಹತ್ತು ಪಟ್ಟು ಹೆಚ್ಚುತ್ತದೆ. ಬೆಂಜೋಯಿಕ್ ಆಮ್ಲದ ಪಿಕೆಎ 4.2. ಬೈಕಾರ್ಬೊನೇಟ್‌ನಿಂದ ಹುಟ್ಟುವ ಕಾರ್ಬೊನಿಕ್ ಆಮ್ಲದ್ದು ಸುಮಾರು 6.4. 2-ನ್ಯಾಫ್ಥಾಲ್‌ದು ಸುಮಾರು 9.5. ಕಾರ್ಬೊನಿಕ್ ಆಮ್ಲಕ್ಕಿಂತ ಬಲವಾದ ಆಮ್ಲ ಮಾತ್ರ ಬೈಕಾರ್ಬೊನೇಟ್‌ನಿಂದ ಕಾರ್ಬನ್ ಡೈಆಕ್ಸೈಡ್ ಹೊರಡಿಸಬಲ್ಲದು. 2-ನ್ಯಾಫ್ಥಾಲ್‌ಗೆ ಆ ಶಕ್ತಿ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಬಲವಾದ ಪ್ರತ್ಯಾಮ್ಲವಾದ್ದರಿಂದ ಅಷ್ಟು ದುರ್ಬಲ ಆಮ್ಲದಿಂದಲೂ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಹಾಗಾಗಿ ಬೈಕಾರ್ಬೊನೇಟ್ ಪರೀಕ್ಷೆ ನೇರವಾಗಿ ತೋರಿಸುವುದು ಕಾರ್ಬಾಕ್ಸಿಲ್ ಗುಂಪನ್ನಲ್ಲ, ಆಮ್ಲದ ಬಲವನ್ನು. ಆ ಬಲದಿಂದ ಗುಂಪನ್ನು ಊಹಿಸುವವರು ನಾವು.

ಈ ವ್ಯತ್ಯಾಸ ಸಣ್ಣದೆಂದು ಕಡೆಗಣಿಸಬೇಡಿ. ಪಿಕ್ರಿಕ್ ಆಮ್ಲ ಒಂದು ಫೀನಾಲ್. ಅದರ ಉಂಗುರಕ್ಕೆ ಮೂರು ನೈಟ್ರೊ ಗುಂಪುಗಳು ಅಂಟಿಕೊಂಡಿವೆ. ಅವು ಎಲೆಕ್ಟ್ರಾನ್‌ಗಳನ್ನು ಎಳೆದುಕೊಳ್ಳುವುದರಿಂದ ಪಿಕೆಎ 0.4ರ ಹತ್ತಿರಕ್ಕೆ ಇಳಿಯುತ್ತದೆ. ಅದು ಬೈಕಾರ್ಬೊನೇಟ್‌ನಲ್ಲಿ ಚೆನ್ನಾಗಿ ಗುಳ್ಳೆ ಕೊಡುತ್ತದೆ, ಆದರೂ ಅದರಲ್ಲಿ ಕಾರ್ಬಾಕ್ಸಿಲ್ ಗುಂಪು ಇಲ್ಲ. ಇದರ ತಿರುಗುಮುರುಗು ಕೂಡ ಇದೆ. ಸ್ಟಿಯರಿಕ್ ಆಮ್ಲದಂಥ ಉದ್ದ ಸರಪಳಿಯ ಆಮ್ಲಗಳಲ್ಲಿ ಕಾರ್ಬಾಕ್ಸಿಲ್ ಗುಂಪು ಇದ್ದೇ ಇದೆ, ಆದರೆ ನೀರಿನೊಳಗೆ ಹೋಗದ ಕಾರಣ ಗುಳ್ಳೆ ಕಾಣದೆ ಹೋಗಬಹುದು. ಬೆಂಜೋಯಿಕ್ ಆಮ್ಲ ಕೂಡ ಲೀಟರ್‌ಗೆ ಸುಮಾರು 3.4 ಗ್ರಾಂ ಮಾತ್ರ ಕರಗುತ್ತದೆ. ದಪ್ಪ ಹರಳುಗಳನ್ನು ಹಾಗೇ ಹಾಕಿದರೆ ಗುಳ್ಳೆ ನಿಧಾನವಾಗಿ ಬರುತ್ತದೆ. ನುಣ್ಣಗೆ ಪುಡಿ ಮಾಡಿ ಹಾಕಿ, ಒಂದೆರಡು ನಿಮಿಷ ಕಾದು ನೋಡಬೇಕು.

ಗೆಳತಿಯ ಉತ್ತರಕ್ಕೂ ಇದೇ ಮಾತು. ಬ್ರೋಮಿನ್ ನೀರಿನ ಬಣ್ಣ ಹೋಯಿತೆಂದರೆ ಬ್ರೋಮಿನ್ ಯಾವುದರ ಜೊತೆಗೋ ಸೇರಿಕೊಂಡಿತು ಎಂದಷ್ಟೇ ಅರ್ಥ. ಆಲ್ಕೀನ್‌ನ ದ್ವಿಬಂಧಕ್ಕೆ ಅದು ಸೇರುತ್ತದೆ. ಫೀನಾಲ್ ಮತ್ತು ಅನಿಲೀನ್‌ಗಳಲ್ಲಿ (ಅನಿಲೀನ್ ಅಂದರೆ ಬೆಂಜೀನ್ ಉಂಗುರಕ್ಕೆ ಅಮೀನ್, ಅಂದರೆ NH2 ಗುಂಪು ಅಂಟಿದ್ದು) ಉಂಗುರದ ಹೈಡ್ರೋಜನ್ ಜಾಗಕ್ಕೆ ಹೋಗಿ ಕೂರುತ್ತದೆ. ಆಕ್ಸಿಜನ್ ಅಥವಾ ನೈಟ್ರೋಜನ್ ತನ್ನ ಒಂಟಿ ಜೋಡಿ (ಬಂಧದಲ್ಲಿ ಸೇರದ) ಎಲೆಕ್ಟ್ರಾನ್‌ಗಳನ್ನು ಉಂಗುರದೊಳಗೆ ತಳ್ಳುವುದರಿಂದ ಆ ಉಂಗುರ ಬ್ರೋಮಿನ್‌ಗೆ ಸುಲಭವಾಗಿ ಸಿಗುತ್ತದೆ. ಸಾದಾ ಫೀನಾಲ್ ಆದರೆ ಬಿಳಿ ಒತ್ತರವೂ (ದ್ರಾವಣದಿಂದ ಬೇರೆಯಾಗಿ ಬೀಳುವ ಘನ ವಸ್ತು) ಬೀಳುತ್ತದೆ. ಬಣ್ಣ ಹೋಗಿದ್ದನ್ನು ಬರೆಯುವುದರ ಜೊತೆಗೆ ಒತ್ತರ ಬಿತ್ತೋ ಇಲ್ಲವೋ ಎಂದೂ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ನನ್ನ ಊಹೆಯನ್ನು ನೀವು ಸುಮ್ನೆ ಒಪ್ಪಿಕೊಳ್ಳಬೇಕಿಲ್ಲ. ಪರೀಕ್ಷಿಸಲು ಎರಡು ಒಳ್ಳೆಯ ದಾರಿಗಳಿವೆ. ಒಂದು, ಮಿಶ್ರ ದ್ರವನ ಬಿಂದು. ನಿಮ್ಮ ಪುಡಿಗೆ ಶುದ್ಧ ಬೆಂಜೋಯಿಕ್ ಆಮ್ಲವನ್ನು ಸಮ ಪ್ರಮಾಣದಲ್ಲಿ ಬೆರೆಸಿ ಮತ್ತೆ ದ್ರವನ ಬಿಂದು ನೋಡಿ. ಎರಡೂ ಒಂದೇ ವಸ್ತುವಾದರೆ 122 ಹಾಗೇ ಉಳಿಯುತ್ತದೆ. ಬೇರೆ ಬೇರೆಯಾದರೆ ಅದು ಕೆಳಗಿಳಿಯುತ್ತದೆ, ಕರಗಲು ಶುರುವಾಗಿ ಮುಗಿಯುವ ಅಂತರವೂ ಹಿಗ್ಗುತ್ತದೆ. ಇನ್ನೊಂದು ಬಣ್ಣದ ಪರೀಕ್ಷೆ. ಅನಿಲೀನ್ ಅನ್ನು ಮಂಜುಗಡ್ಡೆಯ ತಂಪಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ನೈಟ್ರೈಟ್ ಜೊತೆ ಸೇರಿಸಿ, ಆ ದ್ರಾವಣವನ್ನು ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕರಗಿಸಿದ 2-ನ್ಯಾಫ್ಥಾಲ್‌ಗೆ ಹಾಕಿದರೆ ಕಿತ್ತಳೆ-ಕೆಂಪು ಅಜೊ ಬಣ್ಣ ಬರುತ್ತದೆ. ಬೆಂಜೋಯಿಕ್ ಆಮ್ಲ ಇದನ್ನು ಕೊಡುವುದಿಲ್ಲ.

ಈಗ ಮೂಲ ವಿಷಯಕ್ಕೆ ಬರೋಣ. ಕ್ರಿಯಾಗುಂಪು ಅಂದರೇನು? ಪಟ್ಟಿಯಲ್ಲಿ ಬರೆಯುವ ಅಕ್ಷರಗಳಿಗಿಂತ ಈ ಕಲ್ಪನೆ ಹುಟ್ಟಿದ ಪ್ರಯೋಗ ನನಗೆ ಹೆಚ್ಚು ಮುಖ್ಯ ಅನಿಸುತ್ತದೆ. 1832ರಲ್ಲಿ ಜರ್ಮನ್ ರಸಾಯನಶಾಸ್ತ್ರಜ್ಞರಾದ ಲೀಬಿಗ್ ಮತ್ತು ವೋಲರ್ ಕಹಿ ಬಾದಾಮಿ ಎಣ್ಣೆಯ ಮೇಲೆ, ಅಂದರೆ ನಾವಿಂದು ಬೆಂಜಾಲ್ಡಿಹೈಡ್ ಎನ್ನುವ ವಸ್ತುವಿನ ಮೇಲೆ ಕೆಲಸ ಮಾಡಿದರು. ಅದರಿಂದ ಬೆಂಜೋಯಿಕ್ ಆಮ್ಲ ಬಂತು, ಬೆಂಜೋಯಿಲ್ ಕ್ಲೋರೈಡ್ ಬಂತು, ಬೆಂಜಮೈಡ್ ಬಂತು. ಇಷ್ಟೆಲ್ಲಾ ಬದಲಾವಣೆಯಾದರೂ ಅಣುವಿನ ಒಂದು ಭಾಗ ಮುರಿಯದೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಿತ್ತು. ಅದನ್ನು ಬೆಂಜೋಯಿಲ್ ಎಂದು ಕರೆದರು. ಅಣುವಿನಲ್ಲಿ ಒಟ್ಟಾಗಿ ಸಾಗುವ ಭಾಗಗಳಿವೆ, ಬದಲಾಗುವ ಭಾಗಗಳಿವೆ ಎನ್ನುವ ಅರಿವು ಗಟ್ಟಿಯಾಗಿದ್ದು ಅಲ್ಲಿ. ಪ್ರತಿ ಕಾರ್ಬನ್ ನಾಲ್ಕು ಬಂಧಗಳನ್ನು ಮಾಡುತ್ತದೆ ಎಂದು ರಸಾಯನಶಾಸ್ತ್ರಜ್ಞರಾದ ಕೆಕುಲೆ ಮತ್ತು ಕೂಪರ್ 1858ರಲ್ಲಿ ತೋರಿಸಿದ ಮೇಲೆಯೇ ಆ ಭಾಗಗಳನ್ನು ಚಿತ್ರವಾಗಿ ಬರೆಯಲು ಸಾಧ್ಯವಾಯಿತು. ಅಂದರೆ ಗುಂಪು ಎಂಬುದು ವರ್ತನೆಯಿಂದ ಕಂಡುಕೊಂಡದ್ದು. ಗುಂಪು ಮೊದಲಾ, ಗುಣ ಮೊದಲಾ ಎಂಬ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದರಲ್ಲಿದೆ. ಗುಣಗಳನ್ನು ನೋಡಿ ಗುಂಪನ್ನು ಊಹಿಸುತ್ತೇವೆ. ಗುಂಪು ಗೊತ್ತಾದ ಮೇಲೆ ಇನ್ನೂ ನೋಡದ ಗುಣಗಳನ್ನು ಊಹಿಸುತ್ತೇವೆ.

ಇಲ್ಲಿಯೇ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಗುಂಪನ್ನು ಬಿಡಿ ಬಿಡಿಯಾಗಿ ಓದುವುದು. ಕಾರ್ಬಾಕ್ಸಿಲ್ ಗುಂಪಿನಲ್ಲಿ ಒಂದು ಕಾರ್ಬೊನಿಲ್, ಅಂದರೆ ಆಕ್ಸಿಜನ್ ಜೊತೆ ದ್ವಿಬಂಧ ಇರುವ ಕಾರ್ಬನ್, ಮತ್ತು ಒಂದು ಹೈಡ್ರಾಕ್ಸಿಲ್ ಕಾಣುತ್ತವೆ. ಹಾಗಂತ ಅದು ಅರ್ಧ ಕೀಟೋನ್, ಅರ್ಧ ಆಲ್ಕೋಹಾಲ್ ಅಲ್ಲ. ಎಥನಾಲ್‌ನ ಪಿಕೆಎ ಸುಮಾರು 16, ಅಸಿಟಿಕ್ ಆಮ್ಲದ್ದು 4.76. ಹೈಡ್ರೋಜನ್ ಕಳೆದುಕೊಂಡಾಗ ಉಳಿಯುವ ಋಣ ವಿದ್ಯುದಂಶವನ್ನು ಎರಡು ಆಕ್ಸಿಜನ್‌ಗಳು ಸಮನಾಗಿ ಹಂಚಿಕೊಳ್ಳುವುದರಿಂದ ಇಷ್ಟು ವ್ಯತ್ಯಾಸ. ಅಮೈಡ್ ಕೂಡ ಹಾಗೆಯೇ. ಅದರಲ್ಲಿ ನೈಟ್ರೋಜನ್ ಇದೆ ಎಂದು ಅಮೀನ್‌ನಂತೆ ಪ್ರತ್ಯಾಮ್ಲವಾಗುವುದಿಲ್ಲ. ನೈಟ್ರೋಜನ್‌ನ ಒಂಟಿ ಜೋಡಿಯನ್ನು ಪಕ್ಕದ ಕಾರ್ಬೊನಿಲ್ ತನ್ನತ್ತ ಎಳೆದುಕೊಂಡಿರುತ್ತದೆ, ಹಾಗಾಗಿ ಹೈಡ್ರೋಜನ್ ಹಿಡಿಯಲು ಅದು ಬಿಡುವಾಗಿ ಸಿಗುವುದಿಲ್ಲ. ಎಸ್ಟರ್ ಕೂಡ ಕೀಟೋನ್ ಮತ್ತು ಈಥರ್‌ಗಳ ಮೊತ್ತ ಅಲ್ಲ. ಒಂದೇ ಕಾರ್ಬನ್‌ಗೆ ಏನೇನು ಅಂಟಿಕೊಂಡಿದೆ ಎಂದು ಒಟ್ಟಿಗೆ ಓದಬೇಕು.

ಪಕ್ಕದವರ ಪ್ರಭಾವ ಅಲ್ಲಿಗೆ ನಿಲ್ಲುವುದಿಲ್ಲ. ಒಂದೇ ಅಮೀನ್ ಗುಂಪು ಸೈಕ್ಲೊಹೆಕ್ಸೇನ್ ಉಂಗುರದ ಮೇಲೆ ಕೂತರೆ ಒಳ್ಳೆಯ ಪ್ರತ್ಯಾಮ್ಲ. ಬೆಂಜೀನ್ ಉಂಗುರದ ಮೇಲೆ ಕೂತರೆ, ಅಂದರೆ ಅನಿಲೀನ್ ಆದರೆ, ಅದಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ದುರ್ಬಲ. ಬೆಂಜೈಲ್ ಕ್ಲೋರೈಡ್ ಆಲ್ಕೋಹಾಲ್‌ನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್ ಜೊತೆ ಬಿಳಿ ಒತ್ತರ ಕೊಡುತ್ತದೆ. ಕ್ಲೋರೊಬೆಂಜೀನ್ ಕೊಡುವುದಿಲ್ಲ. ಪಟ್ಟಿಯಲ್ಲಿ ಎರಡಕ್ಕೂ ಕ್ಲೋರೈಡ್ ಎಂದೇ ಬರೆದಿರುತ್ತೇವೆ.

ನಿಮ್ಮ ಆಸ್ಕಾರ್ಬಿಕ್ ಆಮ್ಲದ ಅನುಮಾನ ಇದೇ ದಾರಿಯಲ್ಲಿ ಬಗೆಹರಿಯುತ್ತದೆ. ನೀವು ನೋಡಿದ್ದು ಸರಿ, ಅದರಲ್ಲಿ ಬಿಡಿ ಕಾರ್ಬಾಕ್ಸಿಲ್ ಗುಂಪು ಇಲ್ಲ. ಇರುವುದು ಉಂಗುರದೊಳಗಿನ ಎಸ್ಟರ್, ಅದಕ್ಕೆ ಲ್ಯಾಕ್ಟೋನ್ ಎನ್ನುತ್ತಾರೆ. ಅದರ ಪಕ್ಕದಲ್ಲಿ ಒಂದು ಕಾರ್ಬನ್–ಕಾರ್ಬನ್ ದ್ವಿಬಂಧ, ಆ ದ್ವಿಬಂಧದ ಎರಡೂ ತುದಿಗೆ ಒಂದೊಂದು ಹೈಡ್ರಾಕ್ಸಿಲ್. ಇವುಗಳಲ್ಲಿ ಒಂದು ಹೈಡ್ರೋಜನ್ ಬಿಟ್ಟುಕೊಟ್ಟಾಗ ಹುಟ್ಟುವ ವಿದ್ಯುದಂಶ ದ್ವಿಬಂಧದ ಮೂಲಕ ಕಾರ್ಬೊನಿಲ್ ಆಕ್ಸಿಜನ್‌ವರೆಗೂ ಹರಡಿಕೊಳ್ಳುತ್ತದೆ. ಕಾರ್ಬಾಕ್ಸಿಲ್‌ನಲ್ಲಿ ನಡೆಯುವ ಹಂಚಿಕೆಯೇ ಇಲ್ಲಿ ಸ್ವಲ್ಪ ಉದ್ದ ದಾರಿಯಲ್ಲಿ ನಡೆಯುತ್ತದೆ. ಅದಕ್ಕೇ ಪಿಕೆಎ 4.2ರ ಆಸುಪಾಸು, ಬೆಂಜೋಯಿಕ್ ಆಮ್ಲದಷ್ಟೇ. ಬೈಕಾರ್ಬೊನೇಟ್‌ಗೆ ಹಾಕಿದರೆ ಗುಳ್ಳೆಯೂ ಬರುತ್ತದೆ. ಗುಣದಲ್ಲಿ ಆಮ್ಲ ನಿಜ, ಗುಂಪಿನಲ್ಲಿ ಕಾರ್ಬಾಕ್ಸಿಲಿಕ್ ಆಮ್ಲ ಅಲ್ಲ.

ಆಸ್ಪಿರಿನ್ ವಿಷಯ ಇನ್ನೂ ಸುಲಭ. ಅದು ಆಮ್ಲವೂ ಹೌದು, ಎಸ್ಟರೂ ಹೌದು, ಬೆಂಜೀನ್ ಉಂಗುರ ಇರುವ ಆರೊಮ್ಯಾಟಿಕ್ ಸಂಯುಕ್ತವೂ ಹೌದು. ಒಂದನ್ನೇ ಆರಿಸಬೇಕೆಂಬ ನಿಯಮ ಎಲ್ಲೂ ಇಲ್ಲ. ಅದರ ಆಮ್ಲ ಭಾಗ ಬೈಕಾರ್ಬೊನೇಟ್‌ನಲ್ಲಿ ಗುಳ್ಳೆ ಕೊಡುತ್ತದೆ. ಎಸ್ಟರ್ ಭಾಗ ತೇವಾಂಶದಿಂದ ನಿಧಾನವಾಗಿ ಒಡೆದು ಸ್ಯಾಲಿಸಿಲಿಕ್ ಆಮ್ಲ ಮತ್ತು ಅಸಿಟಿಕ್ ಆಮ್ಲವಾಗುತ್ತದೆ. ಶುದ್ಧ ಆಸ್ಪಿರಿನ್ ಫೆರಿಕ್ ಕ್ಲೋರೈಡ್ ಜೊತೆ ನೇರಳೆ ಬಣ್ಣ ಕೊಡುವುದಿಲ್ಲ, ಹಾಳಾದದ್ದು ಕೊಡುತ್ತದೆ. ಸ್ಯಾಲಿಸಿಲಿಕ್ ಆಮ್ಲದಲ್ಲಿ ಫೀನಾಲ್ ಗುಂಪು ಬಿಡುಗಡೆಯಾಗಿರುವುದೇ ಇದಕ್ಕೆ ಕಾರಣ.

ಹೆಸರಿಡುವಾಗ ಮಾತ್ರ ಒಂದು ಗುಂಪನ್ನು ಮುಖ್ಯ ಎಂದು ಹಿಡಿಯುತ್ತಾರೆ. ಕಾರ್ಬಾಕ್ಸಿಲಿಕ್ ಆಮ್ಲ, ಎಸ್ಟರ್, ಅಮೈಡ್, ಆಲ್ಡಿಹೈಡ್, ಕೀಟೋನ್, ಆಲ್ಕೋಹಾಲ್, ಅಮೀನ್ ಹೀಗೆ ಆ ಸಾಲು ಸಾಗುತ್ತದೆ. ಅದು ಹೆಸರಿನ ನಿಯಮ ಅಷ್ಟೇ. ಸಾಲಿನಲ್ಲಿ ಮೇಲಿರುವ ಗುಂಪೇ ಹೆಚ್ಚು ಚುರುಕಾಗಿ ವರ್ತಿಸುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಎಷ್ಟೋ ಕ್ರಿಯೆಗಳಲ್ಲಿ ಕೆಳಗಿರುವ ಆಲ್ಡಿಹೈಡ್ ಮೇಲಿರುವ ಎಸ್ಟರ್‌ಗಿಂತ ಮೊದಲು ವರ್ತಿಸುತ್ತದೆ.

ಇನ್ನು ಭೌತ ಗುಣಗಳು. ಇಲ್ಲಿ ಗುಂಪಿನ ಬಲ ಎಷ್ಟು, ಸರಪಳಿಯ ಬಲ ಎಷ್ಟು ಎಂದು ಎರಡನ್ನೂ ತೂಗಬೇಕು. ತೂಕದಲ್ಲಿ ಹೆಚ್ಚುಕಡಿಮೆ ಸಮ ಇರುವ ಐದು ಅಣುಗಳ ಕುದಿಯುವ ಬಿಂದು ನೋಡಿ. ಪ್ರೊಪೇನ್ ಮೈನಸ್ 42 ಡಿಗ್ರಿ, ಡೈಮೀಥೈಲ್ ಈಥರ್ ಮೈನಸ್ 24, ಅಸಿಟಾಲ್ಡಿಹೈಡ್ ಸುಮಾರು 20, ಎಥನಾಲ್ 78, ಫಾರ್ಮಿಕ್ ಆಮ್ಲ ಸುಮಾರು 101. ಎಥನಾಲ್ ಮತ್ತು ಡೈಮೀಥೈಲ್ ಈಥರ್‌ಗಳ ಅಣುಸೂತ್ರ ಒಂದೇ: ಎರಡು ಕಾರ್ಬನ್, ಆರು ಹೈಡ್ರೋಜನ್, ಒಂದು ಆಕ್ಸಿಜನ್. ಎಥನಾಲ್‌ನಲ್ಲಿ ಹೈಡ್ರೋಜನ್ ನೇರವಾಗಿ ಆಕ್ಸಿಜನ್‌ಗೆ ಅಂಟಿದೆ, ಆದ್ದರಿಂದ ಅಣುಗಳು ಹೈಡ್ರೋಜನ್ ಬಂಧದಿಂದ ಒಂದನ್ನೊಂದು ಹಿಡಿದಿಟ್ಟುಕೊಳ್ಳುತ್ತವೆ. ಈಥರ್‌ನಲ್ಲಿ ಹಾಗಿಲ್ಲ. ಅದೊಂದೇ ಕಾರಣಕ್ಕೆ ನೂರು ಡಿಗ್ರಿಗೂ ಜಾಸ್ತಿ ವ್ಯತ್ಯಾಸ. ಸೂತ್ರ ನೋಡಿ ವರ್ಗ ಹೇಳಲಾಗದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಸರಪಳಿ ಉದ್ದವಾದಂತೆ ಗುಂಪಿನ ಹಿಡಿತ ಸಡಿಲವಾಗುತ್ತದೆ. ಮೆಥನಾಲ್, ಎಥನಾಲ್, ಪ್ರೊಪನಾಲ್ ನೀರಿನಲ್ಲಿ ಎಷ್ಟು ಬೇಕಾದರೂ ಬೆರೆಯುತ್ತವೆ. 1-ಬ್ಯೂಟನಾಲ್ 100 ಮಿಲಿಲೀಟರ್ ನೀರಿನಲ್ಲಿ 7–8 ಗ್ರಾಂ ಕರಗಿ ನಿಂತುಬಿಡುತ್ತದೆ. 1-ಹೆಕ್ಸನಾಲ್ ಒಂದು ಗ್ರಾಂ ಕೂಡ ಕರಗುವುದಿಲ್ಲ. ಎಲ್ಲವೂ ಆಲ್ಕೋಹಾಲ್‌ಗಳೇ. ‘ಆಲ್ಕೋಹಾಲ್ ನೀರಿನಲ್ಲಿ ಕರಗುತ್ತದೆ’ ಎಂದು ನಿಮ್ಮ ಪಟ್ಟಿಯಲ್ಲಿದ್ದರೆ ಅದರ ಮುಂದೆ ಕಾರ್ಬನ್ ಸಂಖ್ಯೆಯನ್ನೂ ಬರೆಯಿರಿ.

ಹಾಗಾದರೆ ಹೇಗೆ ವಿಂಗಡಿಸುವುದು? ದಾರಿಗಳು ಹಲವು ಇವೆ, ಪ್ರತಿಯೊಂದರಲ್ಲೂ ಮೋಸ ಹೋಗುವ ಜಾಗ ಇದೆ.

ಅಪರಿಚಿತ ವಸ್ತು ಕೈಗೆ ಬಂದಾಗ ನಾನು ಮೊದಲು ಕರಗುವಿಕೆಯಿಂದ ಶುರು ಮಾಡುತ್ತೇನೆ. ನೀರು, ಶೇ. 5ರ ಸೋಡಿಯಂ ಹೈಡ್ರಾಕ್ಸೈಡ್, ಶೇ. 5ರ ಬೈಕಾರ್ಬೊನೇಟ್, ಶೇ. 5ರ ಹೈಡ್ರೋಕ್ಲೋರಿಕ್ ಆಮ್ಲ, ಕೊನೆಗೆ ಸಾಂದ್ರ ಸಲ್ಫ್ಯೂರಿಕ್ ಆಮ್ಲ. ಕೆಲವೇ ನಿಮಿಷಗಳಲ್ಲಿ ಬಲವಾದ ಆಮ್ಲ, ದುರ್ಬಲ ಆಮ್ಲ, ಪ್ರತ್ಯಾಮ್ಲ, ತಟಸ್ಥ ಎಂದು ದೊಡ್ಡ ಪಾಲುಗಳಾಗುತ್ತವೆ. ಆಲ್ಕೀನ್, ಆಲ್ಕೋಹಾಲ್, ಈಥರ್, ಎಸ್ಟರ್‌ಗಳು ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗುತ್ತವೆ, ಆಲ್ಕೇನ್‌ಗಳು (ಒಂಟಿ ಬಂಧಗಳು ಮಾತ್ರ ಇರುವ ಹೈಡ್ರೋಕಾರ್ಬನ್‌ಗಳು) ಕರಗದೆ ಬೇರೆ ಪದರವಾಗಿ ನಿಲ್ಲುತ್ತವೆ. ಈ ದಾರಿಯ ಅಪಾಯ ಅಂಚಿನಲ್ಲಿರುವ ಸಂಯುಕ್ತಗಳಲ್ಲಿದೆ. ಪಿಕ್ರಿಕ್ ಆಮ್ಲದ ಬಗ್ಗೆ ಆಗಲೇ ಹೇಳಿದೆ. ಡೈಫಿನೈಲ್ ಅಮೀನ್ ಹೆಸರಿಗೆ ಅಮೀನ್, ಆದರೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗುವುದಿಲ್ಲ.

ಆಮೇಲೆ ಗುಂಪು ಪರೀಕ್ಷೆಗಳು. 2,4-ಡೈನೈಟ್ರೊಫಿನೈಲ್ ಹೈಡ್ರಜೀನ್ ಜೊತೆ ಹಳದಿ ಅಥವಾ ಕಿತ್ತಳೆ ಒತ್ತರ ಬಂದರೆ ಆಲ್ಡಿಹೈಡ್ ಇಲ್ಲವೇ ಕೀಟೋನ್. ಟಾಲೆನ್ಸ್ ದ್ರಾವಣ (ಅಮೋನಿಯಾ ಬೆರೆಸಿದ ಸಿಲ್ವರ್ ನೈಟ್ರೇಟ್) ಬೆಳ್ಳಿ ಕನ್ನಡಿ ಕೊಟ್ಟರೆ ಸಾಮಾನ್ಯವಾಗಿ ಆಲ್ಡಿಹೈಡ್. ಸಾಮಾನ್ಯವಾಗಿ ಅಂದೆ, ಯಾಕೆಂದರೆ ಫಾರ್ಮಿಕ್ ಆಮ್ಲವೂ ಕೊಡುತ್ತದೆ, ಕೀಟೋನ್ ಆಗಿರುವ ಫ್ರಕ್ಟೋಸ್ ಕೂಡ ಕೊಡುತ್ತದೆ. ಬೆಂಜಾಲ್ಡಿಹೈಡ್ ಟಾಲೆನ್ಸ್‌ಗೆ ಹೌದು ಎನ್ನುತ್ತದೆ, ತಾಮ್ರದ ಲವಣ ಇರುವ ಫೆಹ್ಲಿಂಗ್ ದ್ರಾವಣಕ್ಕೆ ಇಲ್ಲ ಎನ್ನುತ್ತದೆ. ಇನ್ನೊಂದು ಮುಖ್ಯ ಅಪಾಯ ಕಲ್ಮಶ. ಬೆಂಜಾಲ್ಡಿಹೈಡ್ ಗಾಳಿಯ ಆಕ್ಸಿಜನ್ ಹೀರಿ ಬೆಂಜೋಯಿಕ್ ಆಮ್ಲವಾಗುತ್ತದೆ. ಹಳೆಯ ಬಾಟಲಿಯಿಂದ ತೆಗೆದರೆ ಬೈಕಾರ್ಬೊನೇಟ್‌ನಲ್ಲಿ ಗುಳ್ಳೆ ಬರುತ್ತದೆ, ಓದಿದ ಹುಡುಗರೆಲ್ಲ ಆಮ್ಲ ಎಂದು ಬರೆಯುತ್ತಾರೆ. ಪರೀಕ್ಷೆಗೆ ಮುಂಚೆ ಮಾದರಿಯನ್ನು ಶುದ್ಧ ಮಾಡಿಕೊಳ್ಳಿ. ಜೊತೆಗೆ ಗೊತ್ತಿರುವ ಒಂದು ವಸ್ತುವಿನ ಮೇಲೂ, ಬರಿಯ ದ್ರಾವಕದ ಮೇಲೂ ಅದೇ ಪರೀಕ್ಷೆ ಮಾಡಿ ಹೋಲಿಸಿ.

ಅತಿಗೆಂಪು ರೋಹಿತದ ಯಂತ್ರ (ಅಣು ಯಾವ ಅತಿಗೆಂಪು ಬೆಳಕನ್ನು ಹೀರುತ್ತದೆ ಎಂದು ಅಳೆಯುವುದು) ಇದ್ದರೆ ಕೆಲಸ ಬೇಗ ಆಗುತ್ತದೆ. ಕೀಟೋನ್‌ನ ಕಾರ್ಬೊನಿಲ್ ಪ್ರತಿ ಸೆಂಟಿಮೀಟರ್‌ಗೆ 1715ರ ಹತ್ತಿರ, ಎಸ್ಟರ್‌ದು 1740ರ ಹತ್ತಿರ, ಅಮೈಡ್‌ದು 1650ರಿಂದ 1690ರ ನಡುವೆ ಕಾಣುತ್ತದೆ. ಆದರೆ ಬೆಂಜೀನ್ ಉಂಗುರ ಅಥವಾ ದ್ವಿಬಂಧ ಪಕ್ಕದಲ್ಲಿದ್ದರೆ ಈ ಸಂಖ್ಯೆಗಳು ಕೆಳಗೆ ಸರಿಯುತ್ತವೆ. ಸಂಖ್ಯೆಯೊಂದನ್ನೇ ನಂಬಿದರೆ ಎಸ್ಟರ್ ಕೀಟೋನ್‌ನಂತೆ ಕಾಣಬಹುದು.

ನೀವು ಯಾವುದನ್ನು ಆರಿಸಬೇಕು ಎಂದರೆ, ಓದುವಾಗ ಗುಂಪಿನಿಂದ ಹೋಗಿ, ಪ್ರಯೋಗಾಲಯದಲ್ಲಿ ಗುಣದಿಂದ ಹೋಗಿ. ಪೂರ್ತಿ ಬಾಯಿಪಾಠ ಬೇಡ. ಹತ್ತು ಹನ್ನೆರಡು ಗುಂಪುಗಳ ರಚನೆ, ನಾಲ್ಕೈದು ಪಿಕೆಎ ಮೌಲ್ಯಗಳು ನೆನಪಿರಲಿ. ಉಳಿದದ್ದನ್ನು ಎಲೆಕ್ಟ್ರಾನ್ ಎತ್ತ ಹರಿಯುತ್ತದೆ ಎಂಬುದರಿಂದ ಊಹಿಸಬಹುದು. ನಿಮ್ಮ ಪಟ್ಟಿಯನ್ನು ಎಸೆಯಬೇಡಿ. ಅದಕ್ಕೆ ಇನ್ನೊಂದು ಸಾಲು ಸೇರಿಸಿ: ಈ ಪರೀಕ್ಷೆಗೆ ಹೌದು ಎನ್ನುವ ಬೇರೆ ಗುಂಪು ಯಾವುದು? ವರ್ಗದ ಹೆಸರು ಬರೆಯುವ ಮುಂಚೆ ಕನಿಷ್ಠ ಎರಡು ಬೇರೆ ರೀತಿಯ ಪರೀಕ್ಷೆಗಳು ಒಂದೇ ಮಾತು ಹೇಳುತ್ತಿವೆಯೇ, ಹೊಂದದ ಫಲಿತಾಂಶ ಒಂದಾದರೂ ಉಳಿದಿದೆಯೇ ಎಂದು ನೋಡಿ.

ಸುರಕ್ಷತೆಯ ಬಗ್ಗೆಯೂ ಹೇಳಬೇಕು, ಯಾಕೆಂದರೆ ವರ್ಗ ಗೊತ್ತಾದರೆ ಅಪಾಯವೂ ಗೊತ್ತಾಗುತ್ತದೆ. ಡೈಈಥೈಲ್ ಈಥರ್‌ನಂಥವು ಗಾಳಿ ಬೆಳಕಿನಲ್ಲಿ ಇಟ್ಟರೆ ಪೆರಾಕ್ಸೈಡ್ ಕಟ್ಟಿಕೊಳ್ಳುತ್ತವೆ. ಹಳೆಯ ಈಥರ್ ಅನ್ನು ಪೂರ್ತಿ ಒಣಗುವವರೆಗೆ ಕಾಯಿಸಿದರೆ ಸ್ಫೋಟವಾಗಬಹುದು. ಪಿಕ್ರಿಕ್ ಆಮ್ಲ ಒಣಗಿದರೆ ಸ್ಫೋಟಕ, ಹರಳು ಕಟ್ಟಿದ ಹಳೆಯ ಬಾಟಲಿ ಕಂಡರೆ ಮುಟ್ಟದೆ ಮೇಲ್ವಿಚಾರಕರಿಗೆ ತಿಳಿಸಿ. ಅಪರಿಚಿತ ವಸ್ತುವನ್ನು ನೇರವಾಗಿ ಮೂಸಬೇಡಿ, ರುಚಿ ಅಂತೂ ನೋಡಲೇಬೇಡಿ. ಟಾಲೆನ್ಸ್ ದ್ರಾವಣವನ್ನು ಬೇಕಾದಾಗ ಮಾತ್ರ, ಬೇಕಾದಷ್ಟೇ ತಯಾರಿಸಿ. ಇಟ್ಟರೆ ಅದರಲ್ಲಿ ಸ್ಫೋಟಿಸುವ ಬೆಳ್ಳಿಯ ಸಂಯುಕ್ತಗಳು ಹುಟ್ಟುತ್ತವೆ. ಕೆಲಸ ಮುಗಿದ ಕೂಡಲೇ ಉಳಿದದ್ದಕ್ಕೆ ನೀರು ಬೆರೆಸಿ ತೆಳುವಾಗಿಸಿದ ನೈಟ್ರಿಕ್ ಆಮ್ಲ ಹಾಕಿ, ಬೆಳ್ಳಿ ತ್ಯಾಜ್ಯದ ಬಾಟಲಿಗೆ ಸುರಿಯಿರಿ.